ಬಂಗುಡೆಗೆ ಪೂರ್ತಿ ಮಾರ್ಕು, ಹೊಗೆಕೋಣೆಯ ಬಾಗಿಲಿಗೆ ಸೊನ್ನೆ

ಕಾಸರಗೋಡು ಪೇಟೆಯ ಒಂದು ಬಾರಿನ ಬಗ್ಗೆ ಬರೆಯುತ್ತಿದ್ದೇನೆ. ಮೊದಲು ಮೀನಿನ ವಿಷಯ ಮುಗಿಸುವ, ಅದರಲ್ಲಿ ದೂರಲಿಕ್ಕೆ ಎಂತದೂ ಇಲ್ಲ. ಬಂಗುಡೆ ತವಾ ಫ್ರೈ ಹೊಗೆಯಾಡುತ್ತಾ ಮೇಜಿಗೆ ಬರುತ್ತದೆ, ಮಸಾಲೆ ಮೀನಿಗೆ ಕಚ್ಚಿಕೊಂಡಿರುತ್ತದೆ. ಕಲ್ಲುಮ್ಮಕ್ಕಾಯ, ಅಂದರೆ ಕಡಲಿನ ಚಿಪ್ಪಿನ ಮಾಂಸ, ಹುರಿದದ್ದು ರಬ್ಬರಿನ ಹಾಗೆ ಆಗದೆ ಸಿಗುವ ಜಾಗ ನಮ್ಮ ಕಡೆ ಕಡಿಮೆ, ಇಲ್ಲಿ ಸಿಗುತ್ತದೆ. ಪರೋಟ ಸಾಧಾರಣ. ಬಿಯರು ತಣ್ಣಗಿರುತ್ತದೆ. ಬಾರಿನ ಹೆಸರು ಮಾತ್ರ ಬರೆಯುವುದಿಲ್ಲ. ನಾನು ಎಸಿ ರಿಪೇರಿಯವನು, ಮ್ಯಾನೇಜರು ಮುಖಪರಿಚಯದವರು, ನಾಳೆ ಸರ್ವಿಸಿಗೆ ಕರೆಯುವವರೂ ಅವರೇ ಇರಬಹುದು. ಅಲ್ಲಿ ಹೋಗಿ ಬರುವವರಿಗೆ ಓದುವಾಗಲೇ ಗೊತ್ತಾಗುತ್ತದೆ ಬಿಡಿ.

ತಕರಾರು ಇರುವುದು ಎಸಿ ಹಾಲಿನ ಕೊನೆಯಲ್ಲಿರುವ ಗಾಜಿನ ಕೋಣೆಯದ್ದು. ಸಿಗರೇಟು ಸೇದುವವರಿಗೆಂದೇ ಮಾಡಿಸಿದ್ದು. ಬೋರ್ಡು ಮಲಯಾಳ, ಇಂಗ್ಲಿಷು, ಕನ್ನಡ ಮೂರರಲ್ಲೂ ಉಂಟು. ಸರಕಾರಿ ಆಫೀಸಿನಲ್ಲಿ ಕನ್ನಡ ಬೋರ್ಡಿಗೆ ಮನವಿ ಹಿಡಿದು ಅಲೆಯುವ ಊರಿನಲ್ಲಿ ಒಂದು ಬಾರು ಕೇಳದೆಯೇ ಕನ್ನಡ ಬರೆಸಿದೆ ಎಂದು ಖುಷಿಯಾಯಿತು. ಆಮೇಲೆ ಬಾಗಿಲು ನೋಡಿದೆ.

ಮೂವತ್ತು ಅಥವಾ ಹೆಚ್ಚು ಸೀಟಿರುವ ರೆಸ್ಟೋರೆಂಟು ಇಂಥ ಕೋಣೆ ಇಟ್ಟುಕೊಳ್ಳಲು 2008ರ ಕೇಂದ್ರ ನಿಯಮದಲ್ಲಿ ಅವಕಾಶ ಉಂಟು. ಆದರೆ ಸುಮ್ಮನೆ ಅಲ್ಲ. ನಾಲ್ಕು ಬದಿಗೂ ಪೂರ್ತಿ ಎತ್ತರದ ಗೋಡೆ ಬೇಕು, ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳಬೇಕು, ಹೊಗೆ ನೇರ ಕಟ್ಟಡದ ಹೊರಗೆ ಹೋಗಬೇಕು. ಅದಕ್ಕಿಂತ ಮುಖ್ಯವಾದದ್ದು, ಕೋಣೆಯ ಒಳಗಿನ ಗಾಳಿಯ ಒತ್ತಡ ಹಾಲಿನದ್ದಕ್ಕಿಂತ ಕಡಿಮೆ ಇರಬೇಕು. ಎಕ್ಸಾಸ್ಟ್ ಫ್ಯಾನು ಅಷ್ಟು ಬಲವಾಗಿ ಎಳೆಯುತ್ತಿದ್ದರೆ ಸಂದಿಯಿಂದ ಹಾಲಿನ ಗಾಳಿ ಒಳಗೆ ಹೋದೀತೇ ಹೊರತು ಒಳಗಿನ ಹೊಗೆ ಹಾಲಿಗೆ ಬಾರದು.

ಇಲ್ಲಿ ಗೋಡೆ ಸರಿ ಉಂಟು. ಡೋರ್ ಕ್ಲೋಸರ್ ಕೂಡ ಒಳ್ಳೆಯದನ್ನೇ ಹಾಕಿದ್ದಾರೆ. ಆದರೆ ಅದಕ್ಕೆ ಕೆಲಸ ಮಾಡಲು ಬಿಟ್ಟರಲ್ಲವೇ? ಬಿಯರು ಪೆಟ್ಟಿಗೆಯ ರಟ್ಟು ಮಡಚಿ ಬಾಗಿಲಿನ ಬುಡಕ್ಕೆ ತುರುಕಿದ್ದಾರೆ, ಒಂದು ಗೇಣು ತೆರೆದೇ ಇರುತ್ತದೆ. ಕೈಕೆಲಸದ ಚಟ, ಸುಮ್ಮನಿರಲಾಗದೆ ಟಿಶ್ಯೂ ಪೇಪರಿನ ಒಂದು ಪದರ ಸೀಳಿ ಆ ಸಂದಿಯಲ್ಲಿ ತೂಗಿಸಿ ಹಿಡಿದೆ. ಅದು ಕೋಣೆಯ ಒಳಗೆ ವಾಲಬೇಕಿತ್ತು. ವಾಲಿದ್ದು ನನ್ನ ಎದೆಯ ಕಡೆಗೆ. ಒಳಗೆ ಇಣುಕಿದರೆ ಫ್ಯಾನಿನ ರೆಕ್ಕೆಗೆ ಜಿಡ್ಡು, ಹಿಂದಿನ ಶಟರು ಅರ್ಧವೂ ತೆರೆಯುತ್ತಿಲ್ಲ. ಸಾಲದ್ದಕ್ಕೆ ಬಾಗಿಲಿಗೆ ಎದುರಾಗಿ ಒಂದು ಸ್ಪ್ಲಿಟ್ ಎಸಿ, ಹೊಗೆಯನ್ನು ನೇರ ಹಾಲಿಗೇ ಊದುತ್ತಿತ್ತು. ಹೊಗೆ ಬರುವ ದಾರಿಯಲ್ಲೇ ಫ್ಯಾಮಿಲಿ ಟೇಬಲ್ಲು. ಒಂದು ಮಗು ಫ್ರೈಡ್ ರೈಸ್ ತಿನ್ನುತ್ತಿತ್ತು.

ಎಸಿ ಉಂಟಲ್ಲ, ಹೊಗೆ ಹೋಗುತ್ತದೆ ಎಂದು ನಂಬಿದವರು ಬಹಳ. ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರುವ ಯಂತ್ರವೇ ಅಲ್ಲ. ಕೋಣೆಯ ಗಾಳಿಯನ್ನೇ ಎಳೆದು, ತಣಿಸಿ, ತಿರುಗಿ ಕೋಣೆಗೇ ಬಿಡುತ್ತದೆ. ಅದರ ಬಲೆ ಧೂಳನ್ನು ಹಿಡಿದೀತು, ಹೊಗೆಯನ್ನು ಹಿಡಿಯದು. ಮನೆಯ ಎಸಿಯ ಕಾಯಿಲು ತೊಳೆದರೆ ಬೂದು ನೀರು ಇಳಿಯುತ್ತದೆ, ಸೇದಲು ಬಿಡುವ ಬಾರಿನದ್ದು ತೊಳೆದರೆ ಕಂದು ನೀರು. ಬ್ಲೋವರಿನ ಅಂಟು ಉಗುರಿನ ಸಂದಿಗೆ ಹೋದರೆ ಊಟದ ಹೊತ್ತಿಗೂ ವಾಸನೆ ಬಿಡುವುದಿಲ್ಲ. ಎಸಿ ಎಂಜಿನಿಯರುಗಳ ಅಂತಾರಾಷ್ಟ್ರೀಯ ಸಂಘ ಆಶ್ರೇ ಕೂಡ ಹೇಳುವುದು ಅದನ್ನೇ: ಒಳಾಂಗಣದಲ್ಲಿ ಹೊಗೆಯ ಅಪಾಯ ಪೂರ್ತಿ ಹೋಗಬೇಕಾದರೆ ಒಳಗೆ ಸೇದುವುದನ್ನೇ ನಿಲ್ಲಿಸಬೇಕು. ಯಂತ್ರ ಮಾರುವವರೇ ಇದನ್ನು ಯಂತ್ರದಿಂದ ಆಗದ ಕೆಲಸ ಎನ್ನುವಾಗ ನಾವು ಯಾಕೆ ವಾದ ಮಾಡುವುದು?

ರಟ್ಟು ತೆಗೆಯಬಹುದಾ ಎಂದು ಸಪ್ಲೈ ಹುಡುಗನನ್ನು ಕೇಳಿದೆ. "ತೆಗೆದ್ರೆ ಟ್ರೇ ಹಿಡ್ಕೊಂಡು ನಾನು ಒಳಗೆ ಹೇಗೆ ಹೋಗುದು ಅಣ್ಣಾ?" ಎಂದ. ಅವನ ಕಷ್ಟ ನಿಜ. ಆದರೆ ನಿಯಮದ ಪ್ರಕಾರ ಆ ಕೋಣೆಯೊಳಗೆ ಸಪ್ಲೈಯೇ ಇರಬಾರದು. ಸೇದಿ ಹೊರಗೆ ಬಂದು ಕುಡಿಯಬೇಕು, ಅಷ್ಟೇ. ಇಲ್ಲಿ ಒಳಗೆ ಮೂರು ಮೇಜು ಹಾಕಿ, ಪೆಗ್ಗು, ಸೋಡಾ, ನಂಜಿಕೊಳ್ಳುವ ಟಚ್ಚಿಂಗ್ಸು ಎಲ್ಲ ಅಲ್ಲಿಗೇ ಮುಟ್ಟಿಸುತ್ತಾರೆ. ಹುಡುಗ ಸೇದುವವನಲ್ಲ. ರಾತ್ರಿ ಮನೆಗೆ ಹೋದರೆ ಅಂಗಿ ಜಗಲಿಯಲ್ಲೇ ಕಳಚಿ ಒಳಗೆ ಬಾ ಎನ್ನುತ್ತಾರಂತೆ. ಗಿರಾಕಿ ಒಂದು ಗಂಟೆ ಕೂತು ಎದ್ದು ಹೋಗುತ್ತಾನೆ, ಇವನಿಗೆ ಬಾರು ಮುಚ್ಚುವವರೆಗೆ ಅದೇ ಗಾಳಿ.

ನಮ್ಮ ಮಾತು ಕೇಳಿದ ಪಕ್ಕದ ಮೇಜಿನವರೊಬ್ಬರು, "ಕುಡಿಲಿಕ್ಕೆ ಬಂದವರಿಗೆ ಎಂತ ಆರೋಗ್ಯ ಮಾರಾಯ್ರೆ?" ಎಂದು ನಕ್ಕರು. ನಾನು ಕುಡಿದದ್ದು ನನ್ನ ಹೊಟ್ಟೆಗೆ ಹೋಗುತ್ತದೆ, ನಿಮ್ಮ ಬಾಯಿಗೆ ಸುರಿಯುವುದಿಲ್ಲವಲ್ಲ ಎಂದೆ. ಅವರು ಕೆಟ್ಟವರಲ್ಲ, ಆಮೇಲೆ ಪ್ಯಾಕೆಟು ಕಿಸೆಗೆ ಹಾಕಿಕೊಂಡು ಪಾರ್ಕಿಂಗಿಗೆ ಹೋಗಿ ಸೇದಿ ಬಂದರು. ಸೇದುವವರ ಮೇಲೆ ನನಗೆ ಸಿಟ್ಟಿಲ್ಲ. ಅಮ್ಮ ಬೀಡಿ ಕಟ್ಟಿಯೇ ನನ್ನ ಐಟಿಐ ಫೀಸು ಕಟ್ಟಿದ್ದು. ಮಡಿಲಲ್ಲಿ ಹೊಗೆಸೊಪ್ಪಿನ ಮೊರ ಇಟ್ಟುಕೊಂಡು ಕೂತ ಹೆಂಗಸರು ಕುಂಬಳೆ, ಮಂಜೇಶ್ವರದ ಕಡೆ ಎಷ್ಟು ಮನೆಗಳಲ್ಲಿಲ್ಲ!

ಸಾರ್ವಜನಿಕ ಜಾಗದಲ್ಲಿ ಸೇದುವುದು ಕಾನೂನುಬಾಹಿರ ಎಂದು ಕೇರಳ ಹೈಕೋರ್ಟು ಹೇಳಿದ್ದು 1999ರಲ್ಲಿ. ಬಸ್ಸಿನಲ್ಲಿ ಬೀಡಿ ಹಚ್ಚುವವರು ಈಗ ಕಾಣಸಿಗುವುದಿಲ್ಲ, ಅಷ್ಟು ಬದಲಾಗಿದೆ. ಬಾರಿನೊಳಗೆ ಬಂದರೆ ಎಲ್ಲರಿಗೂ ದಾಕ್ಷಿಣ್ಯ. ಕೇಂದ್ರದ ಕಾನೂನಿನಲ್ಲಿ ದಂಡ 200 ರೂಪಾಯಿವರೆಗೆ ಮಾತ್ರ, ಇಲ್ಲಿ ಕೂತು ಕುಡಿಯುವ ಒಂದು ಬಿಯರಿಗೂ ಅದು ಸಾಲದು. ತಲಪಾಡಿ ದಾಟಿದರೆ ಕರ್ನಾಟಕ ಅದನ್ನು 1000ಕ್ಕೆ ಏರಿಸಿದೆ.

ಬಿಲ್ಲು ಕೊಡುವಾಗ ಮ್ಯಾನೇಜರಿಗೂ ಹೇಳಿದೆ: ರಟ್ಟು ತೆಗೆಯಿರಿ, ಮೇಜು ಹೊರಗೆ ಹಾಕಿ, ಶಟರು ನಾನೇ ಬಿಚ್ಚಿ ತೊಳೆದುಕೊಡುತ್ತೇನೆ. "ಗಿರಾಕಿಗಳು ಬೇಸರ ಮಾಡ್ತಾರೆ ಭಾಯಿ, ನೋಡುವ" ಎಂದರು. ಹೊಗೆಗೆ ಬೇಸರ ಮಾಡಿಕೊಂಡ ನಾನು ಅವರ ಲೆಕ್ಕದಲ್ಲಿ ಗಿರಾಕಿ ಅಲ್ಲವೋ ಏನೋ.

ಹೋಗುವುದಾದರೆ ಮಧ್ಯಾಹ್ನ ಹೋಗಿ. ಆಗ ಗಾಜಿನ ಕೋಣೆ ಹೆಚ್ಚಾಗಿ ಖಾಲಿ, ಮೀನೂ ತಾಜಾ. ರಸ್ತೆ ಬದಿಯ ಕಿಟಕಿಯ ಸಾಲಿನಲ್ಲೇ ಕೂರಿ, ಎಸಿ ಸ್ವಲ್ಪ ಕಡಿಮೆಯಾದರೂ ಅಡ್ಡಿಯಿಲ್ಲ. ಮಕ್ಕಳಿದ್ದರೆ ಊಟ ಪಾರ್ಸೆಲ್ ತನ್ನಿ. ಕರ್ನಾಟಕ ಕಡೆಯಿಂದ ಬರುವವರು ತಿಂಗಳ ಒಂದನೇ ತಾರೀಕು ತಪ್ಪಿಸಿ, ಕೇರಳದಲ್ಲಿ ಅವತ್ತು ಡ್ರೈ ಡೇ.