ಹೀಟರ್ ಕೋರ್‌ಗೆ ನಲ್ಲಿ ಪೈಪ್ ಹಿಡಿಯುವ ಮುಂಚೆ ಇದನ್ನೊಮ್ಮೆ ಓದಿ

ಹಳೆಯ ಕಿಟ್ ಕಾರಿನ (ಬಿಡಿಭಾಗ ತಂದು ಕೈಯಾರೆ ಜೋಡಿಸಿದ ಕಾರು) ಹೀಟರ್ ಸರಿಯಾಗಿ ಬಿಸಿ ಕೊಡುತ್ತಿಲ್ಲ ಅಂತ ಕೋರ್, ಅಂದರೆ ಎಂಜಿನ್ ತಣಿಸುವ ದ್ರವ (ಕೂಲಂಟ್) ಬಿಸಿಯಾಗಿ ಹರಿದುಬಂದು ಗಾಳಿಗೆ ಶಾಖ ಕೊಡುವ ಪುಟ್ಟ ರೇಡಿಯೇಟರನ್ನು, ತೊಳೆಯಲು ಹೊರಟಿದ್ದೀರಾ? ಒಂದು ನಿಮಿಷ ನಿಲ್ಲಿ. ನಾನು ಅದನ್ನೇ ಮಾಡಿ, ಮೂರು ವಾರ ಡ್ಯಾಶ್‌ಬೋರ್ಡ್ ಇಲ್ಲದ ಕಾರನ್ನು ನೋಡುತ್ತಾ ಕೂತಿದ್ದೆ.

ಈ ಕಾರನ್ನು ಜೋಡಿಸಿದ್ದು ನಾನಲ್ಲ. ಎಂಜಿನ್ ಒಂದು ಕಾರಿನದು, ಹೀಟರ್ ಪೆಟ್ಟಿಗೆ ಇನ್ನೊಂದರದು, ರೇಡಿಯೇಟರ್ ಯಾವುದರದೋ ದೇವರಿಗೇ ಗೊತ್ತು. ಬ್ಲೋವರ್ ಜೋರಾಗಿ ಗುಂಯ್‌ಗುಡುತ್ತಿತ್ತು, ಗಾಳಿ ಮಾತ್ರ ಉಗುರುಬೆಚ್ಚಗೆ. ಕಾರು ಹಳೆಯದು, ಹಾಗಾಗಿ ಕೋರ್ ಕಟ್ಟಿಕೊಂಡಿದೆ ಅಂತ ಸುಮ್ನೆ ತೀರ್ಮಾನ ಮಾಡಿಬಿಟ್ಟೆ.

ಕೂಲಂಟ್ ತರುವ, ವಾಪಸ್ ಒಯ್ಯುವ ಎರಡೂ ಹೋಸ್ (ರಬ್ಬರ್ ಕೊಳವೆ) ಕಳಚಿ, ಕೋರಿನ ಒಂದು ಬಾಯಿಗೆ ನಲ್ಲಿ ಪೈಪ್ ಬಿಗಿದು, ನಲ್ಲಿಯನ್ನು ಪೂರ್ತಿ ತಿರುಗಿಸಿದೆ. ಸ್ವಲ್ಪ ಕಂದು ನೀರು ಬಂತು, ಆಮೇಲೆ ತಿಳಿನೀರು ಧಾರಾಳವಾಗಿ ಹರಿಯಿತು. ಕೋರ್ ಕಟ್ಟಿಲ್ಲ ಅನ್ನುವುದು ಅಲ್ಲೇ ಗೊತ್ತಾಗಬೇಕಿತ್ತು, ಅಲ್ವಾ? ನಾನು ಇನ್ನೂ ಚೊಕ್ಕಟವಾಗಲಿ ಅಂತ ಇನ್ನೊಂದು ಬಾಯಿಯನ್ನು ಹೆಬ್ಬೆರಳಲ್ಲಿ ಮುಚ್ಚುವುದು, ಬಿಡುವುದು ಶುರು ಮಾಡಿದೆ. ಹಳೆಯ ಕಾರುಗಳ ರೇಡಿಯೇಟರ್ ಮುಚ್ಚಳ ತಡೆಯುವ ಒತ್ತಡ ಸಾಮಾನ್ಯವಾಗಿ 13ರಿಂದ 15 ಪಿಎಸ್‌ಐ. ನಲ್ಲಿಯ ಒತ್ತಡ ಅದರ ಮೂರು ನಾಲ್ಕು ಪಟ್ಟು ಇರಬಹುದು. ಬೆಸುಗೆ ಹಾಕಿದ ಹಳೆಯ ತಾಮ್ರ-ಹಿತ್ತಾಳೆಯ ಕೋರ್ ಅದನ್ನು ಹೇಗೆ ತಡೆದೀತು?

ಗೊತ್ತಾಗಿದ್ದು ಮಾರನೇ ದಿನ, ರಸ್ತೆಯಲ್ಲಿ. ಮೊದಲು ಒಂಥರಾ ಸಿಹಿ ವಾಸನೆ. ಆಮೇಲೆ ಮುಂದಿನ ಗಾಜಿನ ಒಳಗೆ ಮಬ್ಬು. ಒರೆಸಿದರೆ ಹೋಗುವ ಮಬ್ಬಲ್ಲ, ಎಣ್ಣೆ ಸವರಿದ ಹಾಗೆ. ದಾರಿಯೇ ಕಾಣಲಿಲ್ಲ. ಗಾಡಿ ಪಕ್ಕಕ್ಕೆ ಹಾಕುವಷ್ಟರಲ್ಲಿ ಬಲಗಾಲಿನ ಶೂ ಒದ್ದೆ. ಬೆಸುಗೆ ಬಿಟ್ಟ ಜಾಗದಿಂದ ಬಿಸಿ ಕೂಲಂಟ್ ಜಿನುಗುತ್ತಿತ್ತು. ಪೂರ್ತಿ ಒಡೆದಿದ್ದರೆ ಕಾಲು ಬೆಂದೇ ಹೋಗುತ್ತಿತ್ತು. ಫೈಬರ್‌ಗ್ಲಾಸ್ ನೆಲ ತೊಟ್ಟಿಯ ಹಾಗೆ, ಬಿದ್ದದ್ದು ಆಚೆ ಹೋಗುವುದಿಲ್ಲ. ಕಾರ್ಪೆಟ್ ಕೆಳಗಿನ ವೈರಿನ ಜೋಡಣೆಗಳೆಲ್ಲ ಅದರಲ್ಲೇ ನೆಂದವು. ಮನೆಯಲ್ಲಿ ನಾಯಿ, ಬೆಕ್ಕು ಇದ್ದರೆ ಚೆಲ್ಲಿದ ಕೂಲಂಟನ್ನು ಆಗಲೇ ಒರೆಸಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ, ಆದರೆ ವಿಷ.

ಕಾರು ಜೋಡಿಸಿದ ಪುಣ್ಯಾತ್ಮ ಮೊದಲು ಹೀಟರ್ ಕೂರಿಸಿ, ಅದರ ಮೇಲೆ ಡ್ಯಾಶ್‌ಬೋರ್ಡನ್ನು ಅಂಟಿಸಿಬಿಟ್ಟಿದ್ದ. ಅದನ್ನು ಕೊಯ್ದು ತೆಗೆದ ಕತೆ ಬೇಡ ಬಿಡಿ.

ಹೊಸ ಕೋರ್ ಹಾಕಿ ಎಂಜಿನ್ ಶುರು ಮಾಡಿದೆ. ಗಾಳಿ? ಅದೇ ಉಗುರುಬೆಚ್ಚಗೆ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದೆ.

ಮೊದಲ ದಿನವೇ ಮಾಡಬೇಕಿದ್ದ ಕೆಲಸವನ್ನು ಆಗ ಮಾಡಿದೆ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ಫ್ಯಾನಿಗೂ ಬೆಲ್ಟಿಗೂ ದೂರವಿದ್ದು, ಹೀಟರಿನ ಎರಡೂ ಹೋಸ್ ಮುಟ್ಟಿ ನೋಡಿದೆ. ಒಂದು ಸುಡುತ್ತಿತ್ತು, ಇನ್ನೊಂದು ತಣ್ಣಗಿತ್ತು. ಅಂದರೆ ಒಳಗೆ ಹರಿವೇ ಇಲ್ಲ. ಹೀಟರಿಗೆ ಕೂಲಂಟ್ ಬಿಡುವ ವಾಲ್ವ್ ಪೂರ್ತಿ ತೆರೆದಿತ್ತು, ಕೋರ್ ಹೊಸದು. ಉಳಿದದ್ದು ಏರ್ ಲಾಕ್, ಅಂದರೆ ಒಳಗೆ ಸಿಕ್ಕಿಕೊಂಡು ಹರಿವನ್ನು ತಡೆಯುವ ಗಾಳಿ. ನನ್ನ ಕಾರಿನಲ್ಲಿ ಹೀಟರ್ ಇರುವುದು ರೇಡಿಯೇಟರ್ ಮುಚ್ಚಳಕ್ಕಿಂತ ಎತ್ತರದಲ್ಲಿ. ಕೂಲಂಟ್ ಎಷ್ಟು ತುಂಬಿಸಿದರೂ ಗಾಳಿ ಮೇಲೆ ಹೋಗಿ ಅಲ್ಲೇ ಕೂರುತ್ತದೆ. ಬೇರೆ ಬೇರೆ ಕಾರಿನ ಭಾಗ ಸೇರಿಸಿದ ಗಾಡಿಗಳಲ್ಲಿ ಈ ತೊಂದರೆ ಹೊಸದೇನಲ್ಲ.

ಎಂಜಿನ್ ತಣಿದ ಮೇಲೆ (ಬಿಸಿಯಿದ್ದಾಗ ಮುಚ್ಚಳ ಮುಟ್ಟಲೇಬೇಡಿ, ಒತ್ತಡ ಇಳಿದ ಕೂಡಲೆ ಕೂಲಂಟ್ ಕುದಿದು ಚಿಮ್ಮುತ್ತದೆ) ರೇಡಿಯೇಟರ್ ಮುಚ್ಚಳ ಹೀಟರಿಗಿಂತ ಮೇಲೆ ಬರಲಿ ಅಂತ ಕಾರಿನ ಮೂತಿಯನ್ನು ರ‍್ಯಾಂಪ್ ಮೇಲೆ ಏರಿಸಿದೆ. ಹೀಟರಿನ ಮೇಲಿನ ಹೋಸ್ ಬಿಚ್ಚಿ, ಅಲ್ಲಿ ಕೂಲಂಟ್ ಕಾಣಿಸುವ ತನಕ ನಿಧಾನವಾಗಿ ತುಂಬಿಸಿ, ಮತ್ತೆ ಸಿಕ್ಕಿಸಿದೆ. ಎಲ್ಲ ಸೇರಿ ಇಪ್ಪತ್ತೇ ನಿಮಿಷ. ಹೀಟರ್ ಮುಂದೆ ಕೈ ಹಿಡಿಯಲಾಗದಷ್ಟು ಬಿಸಿ ಬಂತು.

ನಿಮ್ಮದರಲ್ಲಿ ಎರಡೂ ಹೋಸ್ ಸುಡುತ್ತಿದ್ದು ಗಾಳಿ ಮಾತ್ರ ತಣ್ಣಗಿದ್ದರೆ ನೀರಿನ ಕಡೆ ಹೋಗಲೇಬೇಡಿ. ಪೆಟ್ಟಿಗೆಯೊಳಗಿನ ಫೋಮ್ ಪುಡಿಯಾಗಿ ಗಾಳಿ ಕೋರಿನ ಮೂಲಕ ಹಾಯದೆ ಪಕ್ಕದಿಂದ ಹೋಗುತ್ತಿರಬಹುದು, ಇಲ್ಲವೇ ಗಾಳಿಯ ದಾರಿ ಬದಲಿಸುವ ಫ್ಲಾಪಿನ ಕೇಬಲ್ ಸಡಿಲವಾಗಿರಬಹುದು. ಎರಡೂ ಹೋಸ್ ಬರೀ ಬೆಚ್ಚಗಿದ್ದರೆ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವ ತನಕ ಕೂಲಂಟ್ ರೇಡಿಯೇಟರಿಗೆ ಹೋಗದಂತೆ ತಡೆಯುವ ವಾಲ್ವ್) ತೆರೆದೇ ಉಳಿದಿದೆಯಾ ನೋಡಿ.

ಈಗಾಗಲೇ ಜೋರಾಗಿ ತೊಳೆದು, ಸಿಹಿ ವಾಸನೆ ಬರುತ್ತಿದೆಯಾ? ಎಂಜಿನ್ ತಣಿದ ಮೇಲೆ ಎಂಜಿನ್ ಕಡೆಯ ಎರಡೂ ಹೋಸನ್ನು ಒಂದು ಗಟ್ಟಿ ಕೊಳವೆಯಿಂದ ಒಂದಕ್ಕೊಂದು ಜೋಡಿಸಿ, ಕ್ಲಿಪ್ ಬಿಗಿದು, ಕಡಿಮೆಯಾದ ಕೂಲಂಟ್ ತುಂಬಿಸಿ. ಸ್ವೆಟರ್ ಹಾಕಿಕೊಂಡು ಮನೆಗೆ ಬನ್ನಿ.