ಕ್ಲೈನೋಸ್ಟಾಟ್ ಕೊಳ್ಳುವ ಮೊದಲು ಇದನ್ನು ಓದಿ

ತುಮಕೂರಿನಲ್ಲಿ ಎಂ.ಎಸ್ಸಿ. ಬಯೋಟೆಕ್ನಾಲಜಿ ಓದುತ್ತಿದ್ದೇನೆ. ನನ್ನ ನಾಲ್ಕು ತಿಂಗಳ ಪ್ರಾಜೆಕ್ಟ್ ನೀರಿನಲ್ಲಿ ಹೋಮ ಮಾಡಿದ ಹಾಗಾಯಿತು. ನಿಮಗೆ ಹಾಗಾಗಬಾರದು.

2025ರಲ್ಲಿ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ ಸ್ನಾಯುಕೋಶಗಳ ಪ್ರಯೋಗವೂ ಜೊತೆಗೆ ಹೋಗಿತ್ತು. ಅಲ್ಲಿಂದಲೇ ನನಗೆ ಈ ಹುಚ್ಚು ಹಿಡಿದಿದ್ದು. ತೂಕವೇ ಇಲ್ಲದ ಕಡೆ ಜೀವಕೋಶ ಹೇಗೆ ಹೊಂದಿಕೊಳ್ಳುತ್ತದೆ ಅಂತ ನೋಡಬೇಕಿತ್ತು. ಪ್ರಾಜೆಕ್ಟ್ ಸಾಮಾನು ಮಾರುವವರೊಬ್ಬರು ಕ್ಲೈನೋಸ್ಟಾಟ್ ಮಾಡಿಕೊಟ್ಟರು. ಫ್ಲಾಸ್ಕನ್ನು ಸುತ್ತಿಸುತ್ತಲೇ ಇರುವ ಯಂತ್ರ ಅದು. “ಇದರಲ್ಲಿಟ್ಟರೆ ಬಾಹ್ಯಾಕಾಶದಲ್ಲಿಟ್ಟ ಹಾಗೇನಮ್ಮ” ಅಂದರು. ಅಮ್ಮನ ಚೀಟಿ ದುಡ್ಡಿನಲ್ಲಿ 22,000 ರೂಪಾಯಿ ಕೊಟ್ಟೆ.

ಆ ಮಾತೇ ತಪ್ಪು. ಈ ಯಂತ್ರ ಗುರುತ್ವವನ್ನು ತೆಗೆಯುವುದಿಲ್ಲ. ಗುರುತ್ವ ಎಳೆಯುವ ದಿಕ್ಕು ಕೋಶಕ್ಕೆ ಬದಲಾಗುತ್ತಾ ಇರುತ್ತದೆ, ಅಷ್ಟೇ.

ಇಲಿಯ ಫೈಬ್ರೊಬ್ಲಾಸ್ಟ್ ಕೋಶಗಳನ್ನು, ಅಂದರೆ ಫ್ಲಾಸ್ಕಿನ ತಳಕ್ಕೆ ಅಂಟಿಕೊಂಡು ಬೆಳೆಯುವ ಅಂಗಾಂಶದ ಕೋಶಗಳನ್ನು, ಅದರಲ್ಲಿಟ್ಟೆ. ಎರಡನೇ ದಿನಕ್ಕೇ ದುಂಡಗಾಗಿ ತಳ ಬಿಟ್ಟು ತೇಲುತ್ತಿದ್ದವು. ಗುರುತ್ವ ತಪ್ಪಿದರೆ ಕೋಶಕ್ಕೆ ಆಕಾರ ಕೊಡುವ, ಒಳಗಿನ ಆಕ್ಟಿನ್ ಎಳೆಗಳ ಜೋಡಣೆ ಬದಲಾಗುತ್ತದೆ ಅಂತ ಓದಿದ್ದೆ. ಅದೇ ಇದು ಅಂದುಕೊಂಡೆ. ಮೂರು ಸಲವೂ ಹೀಗೇ ಆಯಿತು.

ವೈವಾದಲ್ಲಿ ಹೊರಗಿನಿಂದ ಬಂದ ಮೇಡಂ ಕೇಳಿದ್ದು ಒಂದೇ. “ಕಂಟ್ರೋಲ್ ಎಲ್ಲಮ್ಮ?” ಅಂದರೆ, ಹೋಲಿಸಿ ನೋಡಲು ಇಟ್ಟ ಕೋಶಗಳೆಲ್ಲಿ ಅಂತ. ಇನ್‌ಕ್ಯುಬೇಟರಿನಲ್ಲಿ ಸುಮ್ನೆ ಇಟ್ಟ ಫ್ಲಾಸ್ಕ್ ತೋರಿಸಿದೆ. ಅದು ಸಾಲದು ಅಂದರು. ಅವರು ಹೇಳಿದಂತೆ ಯಂತ್ರದ ಅಕ್ಷವನ್ನು ನೆಟ್ಟಗೆ ನಿಲ್ಲಿಸಿ ಸುತ್ತಿಸಿದೆ. ಆಗ ಎಳೆತದ ದಿಕ್ಕು ಬದಲಾಗುವುದಿಲ್ಲ, ಅಲ್ವಾ? ಆದರೂ ಕೋಶಗಳು ಕಿತ್ತು ಬಂದವು, ಸ್ವಲ್ಪ ಕಡಿಮೆ ಅಷ್ಟೇ. ಥರ್ಮಾಮೀಟರ್ ಇಟ್ಟರೆ 37 ಇರಬೇಕಾದ ಕಡೆ 41 ಡಿಗ್ರಿ. ಮೋಟಾರಿನ ಬಿಸಿ! ಜೊತೆಗೆ ಅರ್ಧ ತುಂಬಿದ ಫ್ಲಾಸ್ಕಿನ ಗಾಳಿ ಪ್ರತಿ ಸುತ್ತಿಗೂ ಕೋಶಗಳ ಮೇಲೆ ಉಜ್ಜಿಕೊಂಡು ಹೋಗುತ್ತಿತ್ತು.

ನಿಜವಾದ ಪ್ರಯೋಗಗಳಲ್ಲಿ ಎಷ್ಟು ಎಚ್ಚರ ನೋಡಿ. 1983ರಲ್ಲಿ ಬಾಹ್ಯಾಕಾಶ ನೌಕೆಯೊಳಗಿನ ಪ್ರಯೋಗಾಲಯ ಸ್ಪೇಸ್‌ಲ್ಯಾಬ್‌ನ ಯಾನದಲ್ಲಿ ಮನುಷ್ಯರ ಲಿಂಫೋಸೈಟ್‌ಗಳು (ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು) ಪ್ರಚೋದನೆಗೆ ಸರಿಯಾಗಿ ಎಚ್ಚೆತ್ತುಕೊಳ್ಳಲಿಲ್ಲ. 1985ರಲ್ಲಿ ಕಕ್ಷೆಯಲ್ಲೇ ಸೆಂಟ್ರಿಫ್ಯೂಜ್ (ಜೋರಾಗಿ ತಿರುಗಿ ಎಳೆತ ಹುಟ್ಟಿಸುವ ಯಂತ್ರ) ಇಟ್ಟು, ಒಂದಷ್ಟು ಕೋಶಗಳಿಗೆ ಭೂಮಿಯಷ್ಟೇ ಎಳೆತ ಕೊಟ್ಟು ಹೋಲಿಸಿದರು. ನಿಲ್ದಾಣದಲ್ಲಿ ಇಲಿಯ ಮ್ಯಾಕ್ರೋಫೇಜ್‌ಗಳಿಗೂ ಹೀಗೇ ಮಾಡಿದರು. ರೋಗಾಣುಗಳನ್ನು ನುಂಗುವ ಕೋಶಗಳಿವು. ಗುರುತ್ವ ತಪ್ಪಿದಾಗ ಮೊದಲು ಅವುಗಳ ಪ್ರತಿಕ್ರಿಯೆ ಕುಸಿಯಿತು, 42 ಸೆಕೆಂಡಿನಲ್ಲಿ ಮತ್ತೆ ಸರಿಹೋಯಿತು! ಎಲ್ಲ ಕೋಶಗಳೂ ಅಷ್ಟು ಬೇಗ ಹೊಂದಿಕೊಳ್ಳುತ್ತವೆ ಅಂತಲ್ಲ. ಆದರೆ ಇದನ್ನು ಮೊದಲೇ ಓದಿದ್ದರೆ ನನ್ನ ಕೋಶಗಳು ಹೊಂದಿಕೊಳ್ಳದೆ ಸಾಯುತ್ತಿದ್ದಾಗ, ಕಾರಣ ಬೇರೆ ಇರಬಹುದೆಂಬ ಅನುಮಾನವಾದರೂ ಬರುತ್ತಿತ್ತು.

ದುಡ್ಡು ವಾಪಸ್ ಬರಲಿಲ್ಲ. ಕೊಳ್ಳಲೇಬೇಕಿದ್ದರೆ, ಪೂರ್ತಿ ನೀರು ತುಂಬಿದ ಫ್ಲಾಸ್ಕಿಟ್ಟು ಇನ್‌ಕ್ಯುಬೇಟರಿನೊಳಗೆ ಎರಡು ದಿನ ಸುತ್ತಿಸಿ ಬಿಸಿ ಅಳೆಯಿರಿ. ಅಕ್ಷವನ್ನು ನೆಟ್ಟಗೆ ನಿಲ್ಲಿಸಿ ಸುತ್ತಿಸಲು ಆಗುತ್ತದಾ ಕೇಳಿ. ಆಮೇಲೆ ಅಡ್ವಾನ್ಸ್ ಕೊಡಿ. ನನ್ನ ಅಳತೆಗಳು ಬೇಕಿದ್ದವರು ಕೇಳಿ, ಎಲ್ಲವನ್ನೂ ಕಳಿಸುತ್ತೇನೆ.