ಕೀಪಾಸ್‌ಡಿಎಕ್ಸ್: ಎರಡೂವರೆ ವರ್ಷ ಬಳಸಿದ ಮೇಲೆ

ಪಾಸ್‌ವರ್ಡ್ ಇಟ್ಟುಕೊಳ್ಳಲಿಕ್ಕೆ ಅಂತ ಹಾಕಿಕೊಂಡ ಆ್ಯಪ್ ಇದು. ಈಗ ಎಣಿಸಿದರೆ ಪಾಸ್‌ವರ್ಡಿಗಿಂತ ಮನೆಯವರ ನಂಬರುಗಳೇ ಜಾಸ್ತಿ. ಕಾರಟಗಿಯ ರೈಸ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯುತ್ತೇನೆ, ಹಾಗಾಗಿ ಮನೆಯಲ್ಲಿ ಯಾವ ಅರ್ಜಿ ಇದ್ದರೂ ಬಂದು ಬೀಳುವುದು ನನ್ನ ಕೊರಳಿಗೆ. ಅಪ್ಪನ ಎಫ್‌ಐಡಿ (ರೈತರ ಗುರುತಿನ ನಂಬರು), ಪಹಣಿಯ ಸರ್ವೆ ನಂಬರು, ಜೆಸ್ಕಾಂ ಕರೆಂಟ್ ಬಿಲ್ಲಿನ ಆರ್‌ಆರ್ ನಂಬರು, ಅವ್ವನ ರೇಷನ್ ಕಾರ್ಡು, ಇವೆಲ್ಲ ಮೊದಲು ಅರ್ಧ ಕ್ಯಾಲೆಂಡರಿನ ಹಿಂಬದಿಯಲ್ಲಿದ್ದವು, ಇನ್ನರ್ಧ ನನಗೆ ನಾನೇ ಕಳಿಸಿಕೊಂಡ ವಾಟ್ಸ್ಆ್ಯಪ್ ಮೆಸೇಜಿನಲ್ಲಿ.

ಬೆಳೆ ವಿಮೆ ಕಟ್ಟಲು ಒಂದು ಆನ್‌ಲೈನ್ ಸೆಂಟರಿಗೆ ಹೋಗಿದ್ದೆ. ಕಂಪ್ಯೂಟರಿನಲ್ಲಿ ಡೌನ್‌ಲೋಡ್ ಫೋಲ್ಡರ್ ತೆರೆದೇ ಇತ್ತು. ಊರವರ ಆಧಾರ್ ಎಲ್ಲ ಸಾಲಾಗಿ ಕೂತಿದ್ದವು, ನಡುವೆ ನಮ್ಮಪ್ಪನ ಮುಖ. ಹಿಂದಿನ ವರ್ಷ ಕಳಿಸಿದವಳು ನಾನೇ. ಆವತ್ತು ರಾತ್ರಿಯೇ ಇದನ್ನು ಹಾಕಿಕೊಂಡೆ. ಈಗ ಆಧಾರ್ ಕೊಡಲೇಬೇಕಾದರೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ನಡೆಯುತ್ತಾ ಅಂತ ಮೊದಲು ಕೇಳುತ್ತೇನೆ.

ಒಬ್ಬೊಬ್ಬರಿಗೆ ಒಂದು ಗ್ರೂಪು. ಒಳಗೆ ಬೇಕಾದ ಖಾನೆಯನ್ನು ನಾವೇ ಮಾಡಿಕೊಂಡು ಕನ್ನಡದಲ್ಲೇ ಹೆಸರಿಡಬಹುದು. ಗುಟ್ಟಿನ ಖಾನೆ ಬರೀ ಚುಕ್ಕಿಯಾಗಿ ಕಾಣುತ್ತದೆ, ಪಕ್ಕದವರು ಇಣುಕಿದರೂ ಚಿಂತೆಯಿಲ್ಲ. ಪ್ರತಿ ಎಂಟ್ರಿಗೂ ಅವಧಿ ಮುಗಿಯುವ ದಿನಾಂಕ ಹಾಕಬಹುದು ಅನ್ನುವುದು ತಡವಾಗಿ ಕಣ್ಣಿಗೆ ಬಿತ್ತು. ತಮ್ಮನ ಆದಾಯ ಪ್ರಮಾಣಪತ್ರಕ್ಕೆ 5 ವರ್ಷದ ಆಯಸ್ಸು. ದಿನ ಮುಗಿದದ್ದೇ ಹೆಸರಿನ ಮೇಲೆ ಗೆರೆ ಎಳೆದು ತೋರಿಸುತ್ತದೆ.

ನನಗೆ ಹುಚ್ಚು ಹಿಡಿಸಿದ್ದು ಮಾತ್ರ ಇದರ ಕೀಬೋರ್ಡು, ಮ್ಯಾಜಿಕೀಬೋರ್ಡ್. ತಮ್ಮನ ಸಿಇಟಿ ಅರ್ಜಿ ತುಂಬುವಾಗ ಜಾತಿಗೊಂದು, ಆದಾಯಕ್ಕೊಂದು, ಕಲ್ಯಾಣ ಕರ್ನಾಟಕದ 371(ಜೆ) ಮೀಸಲಾತಿಗೊಂದು, ಹೀಗೆ ಪ್ರಮಾಣಪತ್ರಗಳ ಮೇಲಿರುವ ಮೂರು ಆರ್‌ಡಿ ನಂಬರು ಬೇಕು. ಅವುಗಳ ತುಂಬ ಸೊನ್ನೆಗಳು. ಬೆರಳಿಟ್ಟು ತೆರೆದೆ, ಅವನ ಎಂಟ್ರಿ ಮುಟ್ಟಿದೆ, ಕೀಬೋರ್ಡ್ ಬದಲಿಸಿದೆ, ಖಾನೆಯ ಹೆಸರು ಒತ್ತಿದೆ. ನಂಬರು ತಾನಾಗೇ ಹೋಗಿ ಕೂತಿತು. ಕಾಪಿ ಮಾಡುವುದಿಲ್ಲ, ಸೊನ್ನೆ ಎಣಿಸುವುದಿಲ್ಲ. ತಮ್ಮ "ಇನ್ನೊಮ್ಮೆ ಒತ್ತಕ್ಕಾ" ಅಂದ.

ಈ ಖುಷಿ ಒಂದು ವರ್ಷ. ಆಮೇಲೆ ನನ್ನ ಅತಿಯಾಸೆಯೇ ಕೆಡಿಸಿತು. ಪಾಸ್‌ಬುಕ್, ಮಾರ್ಕ್ಸ್ ಕಾರ್ಡ್, ಪಹಣಿ, ಸಿಕ್ಕಿದ್ದಕ್ಕೆಲ್ಲ ಫೋಟೋ ತೆಗೆದು ಅಂಟಿಸಿದೆ. ಎಲ್ಲವನ್ನೂ ಬೀಗ ಹಾಕಿದ ಒಂದೇ ಫೈಲಿನಲ್ಲಿಟ್ಟು, ಒಂದಕ್ಷರ ತಿದ್ದಿದರೂ ಇಡೀ ಫೈಲನ್ನು ಮತ್ತೆ ಬರೆಯುವ ಪದ್ಧತಿ ಇದರದು, ನನ್ನದು ಅಗ್ಗದ ಫೋನು. ಸೇವ್ ಒತ್ತಿ ಚಹಾಕ್ಕೆ ಇಡುವಂತಾಯಿತು. ಫೋಟೋ ಅಳಿಸಿದರೂ ಫೈಲು ಸಣ್ಣದಾಗಲಿಲ್ಲ. ಎಂಟ್ರಿಯ ಹಳೆಯ ರೂಪಗಳೊಳಗೆ ಅವು ಉಳಿದೇ ಇದ್ದವು. ಅದನ್ನೂ ತೆಗೆದ ಮೇಲೆ ಹಗುರಾಯಿತು.

ಇನ್ನೊಂದು ಸಲ ಕಣ್ಣಲ್ಲಿ ನೀರು ಬಂತು. ಈ ಆ್ಯಪಿಗೆ ತನ್ನದೇ ಸರ್ವರ್ ಇಲ್ಲ, ಫೈಲು ಇರುವುದು ನಮ್ಮ ಕೈಯಲ್ಲೇ. ನಾನು ಮೆಚ್ಚಿ ಆರಿಸಿದ್ದೂ ಅದಕ್ಕೇ. ಲ್ಯಾಪ್‌ಟಾಪಿನಲ್ಲಿ ಅದೇ ಫೈಲಿನ ಕಾಪಿಯನ್ನು ಕೀಪಾಸ್‌ಎಕ್ಸ್‌ಸಿ ಅನ್ನುವ ಇಂಥದೇ ಕಂಪ್ಯೂಟರ್ ಆ್ಯಪಿನಲ್ಲಿ ತೆರೆಯುತ್ತೇನೆ. ಒಂದು ಸಂಜೆ ಫೋನಿನಲ್ಲಿ ಅಪ್ಪನ ನೆಟ್‌ಬ್ಯಾಂಕಿಂಗ್ ಪಾಸ್‌ವರ್ಡ್ ಬದಲಿಸಿದೆ, ರಾತ್ರಿ ಲ್ಯಾಪ್‌ಟಾಪಿನ ಹಳೆಯ ಫೈಲನ್ನು ಅದರ ಮೇಲೇ ಸುರುವಿದೆ. ಹೊಸ ಪಾಸ್‌ವರ್ಡ್ ಹೋಯಿತು, ಖಾತೆ ಲಾಕ್ ಆಯಿತು, ಅಪ್ಪನನ್ನು ಗಾಡಿ ಹಿಂದೆ ಕೂರಿಸಿಕೊಂಡು ಬ್ಯಾಂಕಿಗೆ ಅಲೆದೆ. ಅರ್ಧ ದಿನದ ಪಗಾರ ಕಟ್. ಎರಡು ಫೈಲನ್ನು ಬೆರೆಸುವ ಮರ್ಜ್ ಆಯ್ಕೆ ಮೊದಲಿಂದಲೂ ಇತ್ತು, ನಾನೇ ಮುಟ್ಟಿ ನೋಡಿರಲಿಲ್ಲ. ಈಗ ಭಾನುವಾರ ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಾಗ ಮರ್ಜ್ ಮಾಡಿ, ಪೆನ್‌ಡ್ರೈವಿಗೆ ಒಂದು ಕಾಪಿ ಹಾಕುತ್ತೇನೆ.

ದುಡ್ಡಿನ ಮಾತು: ಪುಕ್ಕಟೆ ಆ್ಯಪುಗಳ ಅಂಗಡಿ ಎಫ್-ಡ್ರಾಯ್ಡ್‌ನಲ್ಲಿ ಪುಕ್ಕಟೆ. ಪ್ಲೇ ಸ್ಟೋರಿನಲ್ಲಿ ಕಾಸು ಕೊಟ್ಟು ಕೊಳ್ಳುವ ಪ್ರೊ ಇದೆ, ನಾನು ಕೊಂಡಿಲ್ಲ. ತಿಂಗಳ ಚಂದಾ ಕೇಳುವ ಯಾವುದನ್ನೂ ನಾನು ಎರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡವಳಲ್ಲ.

ಆ ಫೈಲನ್ನು ತೆರೆಯುವ ಮಾಸ್ಟರ್ ಪಾಸ್‌ವರ್ಡ್ ಮರೆತರೆ ಬಿಡಿಸಿ ಕೊಡುವವರು ಯಾರೂ ಇಲ್ಲ. ಅದಕ್ಕೇ ಚೀಟಿಯಲ್ಲಿ ಬರೆದು ಅವ್ವನ ಟ್ರಂಕಿನಲ್ಲಿ, ರೇಷ್ಮೆ ಸೀರೆಯ ಮಡಿಕೆಯೊಳಗೆ ಇಟ್ಟೆ. "ಎಲ್ಲಾ ಫೋನಿನ್ಯಾಗ ಐತಿ ಅಂತಿದ್ದೆಲ್ಲವಾ, ಮತ್ತ ಈ ಚೀಟಿ ಯಾಕ?" ಅಂದಳು. ಸೀರೆ ಉಡುವಾಗ ಎಲ್ಲಿ ಬಿದ್ದೀತೋ ಅಂತ ಆಕೆ ಅದನ್ನು ಕುಂಕುಮದ ಡಬ್ಬಿಗೆ ಸಾಗಿಸಿದ್ದಳು. ಹೋದ ವಾರ ತೆಗೆದು ನೋಡಿದರೆ ಎರಡು ಅಕ್ಷರ ಪೂರ್ತಿ ಕೆಂಪು. ಹೊಸ ಚೀಟಿ ಬರೆದುಕೊಟ್ಟೆ, ಈ ಸಲ ಪ್ಲಾಸ್ಟಿಕ್ ಕವರಿನಲ್ಲಿ.